ನಿಲಯ ಉಳಿದಿದೆ, ವೇಳೆ ಯಾರದು?

ಆಕಾಶವಾಣಿಯ ಪತ್ರೋತ್ತರ ಕಾರ್ಯಕ್ರಮ ಕೇಳಿದವರಿಗೆ ಅದರ ಧಾಟಿ ಗೊತ್ತು. ಇಂಥ ಊರಿನಿಂದ ಇಂಥವರು ಬರೆದಿದ್ದಾರೆ, ಕಳೆದ ವಾರದ ನಾಟಕ ಬಹಳ ಹಿಡಿಸಿತಂತೆ, ವೈದ್ಯರ ಸಂದರ್ಶನ ಉಪಯುಕ್ತವಾಗಿತ್ತಂತೆ, ಮರುಪ್ರಸಾರ ಮಾಡಬೇಕಂತೆ. ಉದ್ಘೋಷಕರು ಧನ್ಯವಾದ ಹೇಳುತ್ತಾರೆ, ಕೋರಿಕೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರುವುದಾಗಿ ತಿಳಿಸುತ್ತಾರೆ. ನಡುವೆ ಒಂದೆರಡು ದೂರುಗಳೂ ಬರುವುದುಂಟು: ಹಾಡನ್ನು ಅರ್ಧಕ್ಕೇ ನಿಲ್ಲಿಸಿದಿರಿ, ಪ್ರಸಾರ ಸ್ಪಷ್ಟವಾಗಿ ಕೇಳಿಸುತ್ತಿಲ್ಲ. ಆದರೆ ‘ಸಂಜೆ ನಮ್ಮ ಊರಿನದ್ದಾಗಿದ್ದ ಅರ್ಧ ಗಂಟೆಯನ್ನು ತೆಗೆದು ಬೇರೆ ನಿಲಯದ ಸಹಪ್ರಸಾರಕ್ಕೆ ಕೊಟ್ಟದ್ದೇಕೆ?’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದು ಅಪರೂಪ. ಅದಕ್ಕೆ ಉತ್ತರ ಹೇಳುವ ಅಧಿಕಾರ ಆ ನಿಲಯದ ಕೈಯಲ್ಲಿ ಇರುವುದಿಲ್ಲ.

ಕಾರ್ಯಕ್ರಮ ಚೆನ್ನಾಗಿತ್ತೇ ಇಲ್ಲವೇ ಎಂದು ಹೇಳಲು ಕೇಳುಗರಿಗೆ ಇಂದು ಬೇಕಾದಷ್ಟು ದಾರಿಗಳಿವೆ. ಕಾರ್ಡು ಹೋದರೆ ಫೋನ್‌ಇನ್, ಫೋನ್‌ಇನ್ ಸಿಗದಿದ್ದರೆ ವಾಟ್ಸ್‌ಆ್ಯಪ್. ಆದರೆ ದಿನದ ಯಾವ ಹೊತ್ತು ಯಾವ ಊರಿಗೆ, ಯಾವ ಭಾಷೆಗೆ ಸೇರಬೇಕು ಎಂದು ಹೇಳಲು ದಾರಿಯೇ ಇಲ್ಲ. ಸ್ಥಳೀಯ ಬಾನುಲಿಯ ಬಗ್ಗೆ ಕೇಳುಗರಿಗೆ ಇರುವ ನಿಜವಾದ ತಕರಾರು ಈ ಎರಡನೆಯ ಬಗೆಯದು.

2020ರ ಅಕ್ಟೋಬರ್‌ನಲ್ಲಿ ಹಲವು ರಾಜ್ಯಗಳಲ್ಲಿ ಆಕಾಶವಾಣಿ ನಿಲಯಗಳನ್ನು ಮುಚ್ಚಲಾಗುತ್ತದೆ ಎಂಬ ಸುದ್ದಿ ಹರಡಿತು. ಯಾವ ರಾಜ್ಯದಲ್ಲೂ ಯಾವ ನಿಲಯವನ್ನೂ ಮುಚ್ಚುವುದಿಲ್ಲ ಎಂದು ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಆ ಮಾತನ್ನು ಅನುಮಾನಿಸಬೇಕಿಲ್ಲ. ಆದರೆ ನಿಲಯ ಮುಚ್ಚುವುದು ಬೇರೆ, ನಿಲಯದ ಬಾಯಿ ಮುಚ್ಚುವುದು ಬೇರೆ. ಕಟ್ಟಡ, ಫಲಕ, ಸ್ಟುಡಿಯೊ ಎಲ್ಲವೂ ಇದ್ದು, ದಿನದ ಹೆಚ್ಚಿನ ಹೊತ್ತು ಬೇರೆ ಊರಿನ ದನಿಯನ್ನು ದಾಟಿಸುವ ಕೆಲಸವಷ್ಟೇ ಉಳಿದರೆ ಅದನ್ನು ಸ್ಥಳೀಯ ನಿಲಯ ಎನ್ನಲು ನಾಲಿಗೆ ಹೊರಳುವುದಿಲ್ಲ. 2023ರ ಏಪ್ರಿಲ್ 28ರಂದು ಪ್ರಧಾನಿ ಒಂದೇ ದಿನ 100 ವಾಟ್ ಸಾಮರ್ಥ್ಯದ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳನ್ನು ಉದ್ಘಾಟಿಸಿದರು. ವ್ಯಾಪ್ತಿ ಹೆಚ್ಚಿತು, ಒಳ್ಳೆಯದು. ಟ್ರಾನ್ಸ್‌ಮಿಟರ್ ಇದ್ದಲ್ಲೆಲ್ಲ ಕಾರ್ಯಕ್ರಮ ಮಾಡುವ ಸಿಬ್ಬಂದಿ ಇರುತ್ತಾರೆ ಎಂದು ಮಾತ್ರ ಯಾರೂ ಭಾವಿಸಬಾರದು.

ಈ ಚರ್ಚೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಹಿಂದಿಯ ಸುತ್ತ ತಿರುಗುತ್ತದೆ. ಬೆಂಗಳೂರಿನ ಎಫ್‌ಎಂ ರೇನ್‌ಬೋದಲ್ಲಿ ಹಿಂದಿಯ ಪಾಲಿನ ಬಗ್ಗೆ ಕನ್ನಡ ಕೇಳುಗರು ಆಗಾಗ ದನಿ ಎತ್ತಿದ್ದಾರೆ. ನ್ಯಾಯವಾದ ಮಾತೇ. ಆದರೆ ದೆಹಲಿಯಿಂದ ಬೆಂಗಳೂರಿಗೆ ಇರುವ ದೂರವೇ ಬೆಂಗಳೂರಿನಿಂದ ಕಲಬುರಗಿಗೂ ಇದೆ ಎಂಬುದನ್ನು ನಾವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ರಾಜ್ಯಕ್ಕೆಲ್ಲ ಒಂದೇ ಕನ್ನಡ ಪ್ರಸಾರ ಸಾಕು ಎಂದುಕೊಂಡರೆ ಮೊದಲು ಕಳೆದುಹೋಗುವುದು ಮಂಗಳೂರು ನಿಲಯದ ತುಳು, ಕೊಂಕಣಿ, ಬ್ಯಾರಿ, ಮಡಿಕೇರಿ ನಿಲಯದ ಕೊಡವ, ಅರೆಭಾಷೆ. ತುಳು, ಕೊಡವ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಂದು ಸಂಸ್ಥೆ ತಮ್ಮ ಮನೆಮಾತಿನಲ್ಲಿ ಮಾತನಾಡುತ್ತದೆ ಎಂಬ ಹೆಮ್ಮೆ ಆ ಭಾಷಿಕರಿಗೆ ಬಾನುಲಿಯಿಂದ ಸಿಕ್ಕಿದೆ.

ಭಾಷೆ ಒಂದೇ ಇದ್ದಾಗಲೂ ಊರು ಒಂದೇ ಆಗುವುದಿಲ್ಲ. ಕೃಷಿ ಕಾರ್ಯಕ್ರಮವನ್ನೇ ನೋಡಿ. ಕಲಬುರಗಿಯ ತೊಗರಿಗೆ ಕಾಯಿಕೊರಕದ ಚಿಂತೆ, ಸುಳ್ಯದ ಅಡಿಕೆಗೆ ಕೊಳೆರೋಗದ ಭಯ, ಕೊಡಗಿನ ಕಾಫಿಗೆ ಹೂಮಳೆಯ ನಿರೀಕ್ಷೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡುತ್ತದೆಯೇ ಎಂದು ತಿಳಿಯಬೇಕಾದವರಿಗೆ ರಾಜ್ಯಮಟ್ಟದ ಹವಾಮಾನ ವರದಿಯಲ್ಲಿ ‘ಕರಾವಳಿ ಮತ್ತು ಮಲೆನಾಡಿನ ಕೆಲವೆಡೆ’ ಎಂಬ ಸಾಲು ಏನೂ ಹೇಳುವುದಿಲ್ಲ. ಸುದ್ದಿಯ ಕಥೆಯೂ ಇದೇ. ಖಾಸಗಿ ಎಫ್‌ಎಂಗಳಿಗೆ ತಮ್ಮದೇ ಸುದ್ದಿ ಪ್ರಸಾರ ಮಾಡಲು ಅವಕಾಶವಿಲ್ಲ, ಸಮುದಾಯ ಬಾನುಲಿಗಳಿಗೂ ಇಲ್ಲ. ಹಾಗಾಗಿ ಜಿಲ್ಲೆಯ ಸುದ್ದಿಯನ್ನು ರೇಡಿಯೊದಲ್ಲಿ ಕೊಡಬಲ್ಲದ್ದು ಆಕಾಶವಾಣಿ ಒಂದೇ. ಬೇರೆ ಯಾರಿಗೂ ಕೊಡದ ಅಧಿಕಾರ ಪಡೆದ ಸಂಸ್ಥೆ ಜಿಲ್ಲೆಯ ವಾರ್ತೆಗೆ ಕೆಲವೇ ನಿಮಿಷ ಕೊಟ್ಟರೆ ಕೇಳುಗರು ಗೊಣಗುವುದರಲ್ಲಿ ತಪ್ಪೇನಿದೆ?

ಕೇಳುಗರ ಮಾತಿಗೆ ಕಿವಿಗೊಡದ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. 1952ರಲ್ಲಿ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮಾಯವಾದವು. ಜನರ ಅಭಿರುಚಿ ತಿದ್ದಬೇಕು ಎಂಬುದು ಉದ್ದೇಶ. ಜನ ವಾದ ಮಾಡಲಿಲ್ಲ, ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅಲ್ಲಿನ ನಿರೂಪಕ ಅಮೀನ್ ಸಯಾನಿ ಅವರ ದನಿ ಮನೆಮಾತಾಯಿತು. 1957ರ ಅಕ್ಟೋಬರ್ 3ರಂದು ಚಿತ್ರಗೀತೆಗಳನ್ನು ಮರಳಿ ತಂದ ಆಕಾಶವಾಣಿಯ ವಿವಿಧ ಭಾರತಿ ಶುರುವಾಗುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಆಗ ಕೇಳುಗರು ಬಿಟ್ಟುಹೋದದ್ದು ಎದ್ದು ಕಂಡಿತು, ಏಕೆಂದರೆ ಅವರು ಹೋದದ್ದು ಇನ್ನೊಂದು ದೇಶದ ರೇಡಿಯೊಗೆ. ಇಂದು ಬಿಟ್ಟುಹೋಗುವವರು ಮೊಬೈಲಿನ ನೂರು ಕಡೆ ಚೆದುರುತ್ತಾರೆ. ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದೇ ದಶಕದಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧವಾದ ಪ್ರಯೋಗವೂ ನಡೆಯಿತು. ಅದನ್ನು ನೆನೆಯುವವರು ಕಡಿಮೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. 1956ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಯುನೆಸ್ಕೊ ನೆರವಿನಿಂದ, ಪುಣೆ ಆಕಾಶವಾಣಿ ಅಂದಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಗ್ರಾಮ ಕೂಟಗಳನ್ನು ನಡೆಸಿತು. ವಾರಕ್ಕೆ ಎರಡು ಬಾರಿ, ಒಟ್ಟು 20 ಪ್ರಸಾರ. ಹಳ್ಳಿಯಲ್ಲಿ ಇಪ್ಪತ್ತರ ಆಸುಪಾಸಿನ ಜನ ಒಟ್ಟಿಗೆ ಕೂತು ಕೇಳಬೇಕು, ಆಮೇಲೆ ಚರ್ಚೆ ಮಾಡಬೇಕು, ಆಗುವಂಥದ್ದನ್ನು ಕೈಗೆತ್ತಿಕೊಳ್ಳಬೇಕು. ಚರ್ಚೆಯ ವರದಿ, ಪ್ರಶ್ನೆಗಳು ಪುಣೆಗೆ ಹೋಗುತ್ತಿದ್ದವು, ಉತ್ತರ ಮುಂದಿನ ಪ್ರಸಾರಗಳಲ್ಲಿ ಬರುತ್ತಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಇದ್ದು ಪೌಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞ ಇದರ ಮೌಲ್ಯಮಾಪನ ಮಾಡಿದರು. ಕೂಟ ಇದ್ದ ಹಳ್ಳಿಗಳ ಜನರ ತಿಳಿವಳಿಕೆ ಕೂಟ ಇಲ್ಲದ ಹಳ್ಳಿಗಳವರಿಗಿಂತ ಎದ್ದುಕಾಣುವಷ್ಟು ಹೆಚ್ಚಿತ್ತು.

ಈ ವ್ಯವಸ್ಥೆಯಲ್ಲಿ ಕೇಳುಗರು ಅಭಿಮಾನಿಗಳಾಗಿರಲಿಲ್ಲ, ಕೋರಿಕೆ ಸಲ್ಲಿಸುವವರೂ ಅಲ್ಲ. ಮುಂದಿನ ವಾರ ಏನು ಪ್ರಸಾರವಾಗಬೇಕು ಎಂಬುದರಲ್ಲಿ ಅವರ ಪ್ರಶ್ನೆಗೆ ಜಾಗವಿತ್ತು, ಆ ಪ್ರಶ್ನೆಯನ್ನು ಓದುವುದು ನಿಲಯದ ಕೆಲಸದ ಭಾಗವಾಗಿತ್ತು. 1959ರಲ್ಲಿ ಕೂಟಗಳನ್ನು ದೇಶದ ಇತರೆಡೆಗೂ ವಿಸ್ತರಿಸಲಾಯಿತು. ವಿಸ್ತರಣೆಯಲ್ಲಿ ಸಂಖ್ಯೆ ಬೆಳೆಯಿತು, ಮರುದನಿ ಕ್ಷೀಣಿಸಿತು. ಹತ್ತು ವಾರ ಪ್ರೀತಿಯಿಂದ ನಡೆದದ್ದು ಇಲಾಖೆಯ ಯೋಜನೆಯಾದಾಗ ಆಗುವುದೇ ಇದು.

ಸ್ಥಳೀಯ ನಿಲಯ ಎಂಬ ಕಲ್ಪನೆ ಆಕಾಶವಾಣಿಯಲ್ಲಿ ಅಧಿಕೃತವಾಗಿ ಜಾರಿಗೆ ಬಂದದ್ದು 1984ರ ಅಕ್ಟೋಬರ್ 30ರಂದು, ತಮಿಳುನಾಡಿನ ನಾಗರಕೋಯಿಲ್‌ನಲ್ಲಿ. ದೊಡ್ಡ ನಿಲಯದ ಸಣ್ಣ ಪ್ರತಿಯಾಗಬಾರದು, ಸುತ್ತಲಿನ ಊರುಗಳಿಗೆ ಹೋಗಿ ಅಲ್ಲಿನವರ ಬಾಯಿಂದಲೇ ಕಾರ್ಯಕ್ರಮ ಮಾಡಬೇಕು ಎಂಬ ಆಶಯ ಅದರದು. ಹಾಸನ, ಚಿತ್ರದುರ್ಗ, ಮಡಿಕೇರಿ, ಕಾರವಾರ, ರಾಯಚೂರು, ಹೊಸಪೇಟೆಯ ನಿಲಯಗಳು ಆ ಅಲೆಯ ನಂತರದವು. ಕರ್ನಾಟಕಕ್ಕೆ ಈ ಕಲ್ಪನೆ ಹೊಸತೂ ಆಗಿರಲಿಲ್ಲ. 1935ರಲ್ಲೇ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. 1950ರಲ್ಲಿ ಶುರುವಾದ ಧಾರವಾಡ ನಿಲಯಕ್ಕೆ ದ.ರಾ. ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರ್ ಅವರಂಥವರು ಸಲಹೆಗಾರರಾಗಿದ್ದರು. ಕೇಳುಗರ ಸಮೀಕ್ಷೆ ನಡೆಸದೆಯೂ ಆ ನಿಲಯಕ್ಕೆ ತನ್ನ ಸೀಮೆಯ ಕಿವಿ ಎಂಥದ್ದೆಂದು ಗೊತ್ತಿತ್ತು, ನಿಲಯದೊಳಗೆ ಆ ಸೀಮೆಯವರೇ ಇದ್ದುದರಿಂದ. ಇಂದು ಕಾರ್ಯಕ್ರಮ ವಿಭಾಗದಲ್ಲಿ ಕಾಯಂ ನೇಮಕಾತಿ ಬಹುಕಾಲದಿಂದ ಸೊರಗಿದೆ. ಹಂಗಾಮಿ ಉದ್ಘೋಷಕರು ಮೈಕಿನ ಮುಂದೆ ನಿಲಯದ ಮುಖ, ಕಾರ್ಯಕ್ರಮ ನಿರ್ಧರಿಸುವ ಸಭೆಯಲ್ಲಿ ಯಾರೂ ಅಲ್ಲ. ಕೇಳುಗರಿಗೆ ಹತ್ತಿರವಿರುವವರು ಅವರೇ ಎಂಬುದು ವಿಪರ್ಯಾಸ.

ಈಗ ಅಭಿಪ್ರಾಯದ ಜಾಗವನ್ನು ಅಂಕಿ ಹಿಡಿಯುತ್ತಿದೆ. ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಯಾವ ನಗರದವರು ಯಾವ ವಾಹಿನಿ ಕೇಳುತ್ತಾರೆ ಎಂಬ ಪಟ್ಟಿಗಳನ್ನು ಪ್ರಸಾರ ಭಾರತಿ 2021ರಲ್ಲಿ ಮೇಲಿಂದ ಮೇಲೆ ಹೊರಡಿಸಿತು. ಪುಣೆ, ಬೆಂಗಳೂರಿನಂಥ ನಗರಗಳು ಮೇಲಿನ ಸಾಲಿನಲ್ಲಿದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಆ್ಯಪ್ ಎಣಿಸುವುದು ಸ್ಮಾರ್ಟ್‌ಫೋನ್ ಮತ್ತು ಡೇಟಾ ಇರುವವರನ್ನು. ಹೊಲದ ಬದುವಿನಲ್ಲಿ ಟ್ರಾನ್ಸಿಸ್ಟರ್ ನೇತುಹಾಕಿದವರು ಅದರಲ್ಲಿ ಇಲ್ಲ, ಎಷ್ಟು ಜನರಿದ್ದಾರೆ ಎಂದು ಆ್ಯಪಿಗೆ ಗೊತ್ತಾಗುವುದೂ ಇಲ್ಲ. ಆದರೂ ಆ್ಯಪಿನಿಂದ ಒಂದು ಲಾಭವಾಗಿದೆ. ದುಬೈನಲ್ಲಿರುವ ಮಂಗಳೂರಿಗರು ಮಂಗಳೂರು ನಿಲಯವನ್ನೇ ಹಾಕಬಹುದು, ಪುಣೆಯಲ್ಲಿರುವ ಧಾರವಾಡದವರು ಧಾರವಾಡವನ್ನೇ ಹಾಕಬಹುದು. ಹಾಗೆ ಹಾಕಿದಾಗ ಬರುವುದು ಎಲ್ಲ ನಿಲಯಗಳಲ್ಲೂ ಬರುವ ಅದೇ ಸಹಪ್ರಸಾರವಾದರೆ ಅವರು ಎರಡನೆಯ ಸಲ ಹಾಕುವುದಿಲ್ಲ.

ಎಲ್ಲ ಕೇಳುಗರಿಗೂ ಒಂದೇ ಅಭಿಪ್ರಾಯ ಇಲ್ಲವೇ ಇಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ಇಲ್ಲ. ಶಾಸ್ತ್ರೀಯ ಸಂಗೀತದ ಎಫ್‌ಎಂ ವಾಹಿನಿ ಅಮೃತವರ್ಷಿಣಿಯ 100.1ರ ಮೇಲೆ ಜೀವ ಇಟ್ಟುಕೊಂಡ ಸಂಗೀತಪ್ರಿಯರಿಗೂ, ಚಿತ್ರಗೀತೆಯ ನಡುವೆ ಮಾತೇಕೆ ಎನ್ನುವವರಿಗೂ ಒಮ್ಮತ ಮೂಡುವುದು ಕಷ್ಟ. ಟೆಸ್ಟ್ ಪಂದ್ಯದ ವೀಕ್ಷಕ ವಿವರಣೆ ಇಡೀ ದಿನ ಹರಿದು ಸ್ಥಳೀಯ ಕಾರ್ಯಕ್ರಮಗಳೆಲ್ಲ ರದ್ದಾದ ದಿನಗಳನ್ನು ನಮ್ಮಲ್ಲಿ ಎಷ್ಟೋ ಮಂದಿ ಹಬ್ಬದಂತೆ ನೆನೆಯುತ್ತೇವೆ, ಅದೇ ಮನೆಯಲ್ಲಿ ವನಿತಾ ಕಾರ್ಯಕ್ರಮಕ್ಕೆ ಕಾದು ಕೂತವರನ್ನು ಯಾರೂ ಕೇಳಿರಲಿಲ್ಲ. ಬಹುಮತಕ್ಕೆ ಬಿಟ್ಟರೆ ಸುಗಮ ಸಂಗೀತ, ಅರೆಭಾಷೆ, ಮಕ್ಕಳ ನಾಟಕ ಯಾವುದೂ ಉಳಿಯದು. ಸಾರ್ವಜನಿಕ ಬಾನುಲಿ ಇರುವುದೇ ಬಹುಮತ ಕಾಪಾಡದ್ದನ್ನು ಕಾಪಾಡಲು. ಹಾಗಾಗಿ ಕೇಳುಗರ ಮತ ಎಣಿಸಿ ಕಾರ್ಯಕ್ರಮ ನಿರ್ಧರಿಸಿ ಎಂದು ನಾನು ಹೇಳುತ್ತಿಲ್ಲ. ಬೇಕಾಗಿರುವುದು ಸ್ಥಳೀಯ ವೇಳೆಯ ಮೇಲೆ ಒಂದು ಕನಿಷ್ಠ ಖಾತರಿ, ಅದನ್ನು ಮುಟ್ಟುವ ಮೊದಲು ಕಾರಣ ಹೇಳುವ ಹೊಣೆ.

ಕಾನೂನಿನಲ್ಲಿ ಇದಕ್ಕೆ ಬೇರುಗಳಿವೆ. 1990ರ ಪ್ರಸಾರ ಭಾರತಿ ಕಾಯ್ದೆ, ಜಾರಿಗೆ ಬಂದದ್ದು 1997ರಲ್ಲಿ, ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ತಕ್ಕ ಜಾಗ ಕೊಡುವುದನ್ನು ಸಂಸ್ಥೆಯ ಗುರಿಗಳಲ್ಲಿ ಒಂದಾಗಿ ಹೇಳುತ್ತದೆ. ದೂರುಗಳನ್ನು ಪರಿಶೀಲಿಸಲು ಪ್ರಸಾರ ಮಂಡಳಿಯೊಂದನ್ನೂ ಅದೇ ಕಾಯ್ದೆ ಕಲ್ಪಿಸಿದೆ. ಇಷ್ಟು ವರ್ಷಗಳಲ್ಲಿ ಅದು ಕೇಳುಗರ ಪಾಲಿಗೆ ಕೈಗೆಟಕುವ ಸಂಸ್ಥೆಯಾಗಲಿಲ್ಲ. ನಿಲಯಗಳಲ್ಲಿ ಕಾರ್ಯಕ್ರಮ ಸಲಹಾ ಸಮಿತಿಗಳ ಪದ್ಧತಿಯೂ ಇತ್ತು, ಅದರಲ್ಲಿ ಯಾರು ಕೂರುತ್ತಿದ್ದರು ಎಂಬುದು ಆಯಾ ಕಾಲದ ಸರ್ಕಾರದ ಬಣ್ಣವನ್ನು ಅವಲಂಬಿಸಿರುತ್ತಿತ್ತು. ಹಿಂದೆ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದ ನಡುವೆ ಅದು ರದ್ದಾದಾಗ ಎಲ್ಲರಿಗೂ ಖುಷಿಯಾಯಿತು. ದುಡ್ಡು ಕೊಟ್ಟಿದ್ದೇನೆ, ಲೆಕ್ಕ ಕೊಡಿ ಎಂದು ಕೇಳುವ ಒಂದು ನೆಪವೂ ಆ ಲೈಸೆನ್ಸ್ ಪುಸ್ತಕದ ಜೊತೆ ಹೋಯಿತು.

ಮಾದರಿಗೆ ದೂರ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ 2006ರ ಸಮುದಾಯ ಬಾನುಲಿ ನೀತಿ ಒಂದು ಷರತ್ತು ಹಾಕಿದೆ: ಕಾರ್ಯಕ್ರಮಗಳಲ್ಲಿ ಕನಿಷ್ಠ 50 ಪ್ರತಿಶತ ಸ್ಥಳೀಯ ಸಮುದಾಯದ ಭಾಗವಹಿಸುವಿಕೆಯಿಂದಲೇ ತಯಾರಾಗಬೇಕು, ಆದಷ್ಟೂ ಸ್ಥಳೀಯ ಭಾಷೆ ಮತ್ತು ಉಪಭಾಷೆಯಲ್ಲಿ ಇರಬೇಕು. ಹಳ್ಳಿಯ ಒಂದು ಸ್ವಯಂಸೇವಾ ಸಂಸ್ಥೆ ನಾಲ್ಕಾರು ಯುವಕರನ್ನು ಕಟ್ಟಿಕೊಂಡು ಪಾಲಿಸಬೇಕಾದ ನಿಯಮವನ್ನು ಸರ್ಕಾರಿ ಅನುದಾನದ ನಿಲಯ ಪಾಲಿಸಬೇಕಿಲ್ಲ ಎಂಬುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಅದೇ ಅರ್ಧ ಪಾಲಿನ ನಿಯಮವನ್ನು ಮಡಿಕೇರಿ, ಕಾರವಾರ, ರಾಯಚೂರಿನ ನಿಲಯಗಳಿಗೂ ಅನ್ವಯಿಸಲಿ. ಬೆಳಗಿನ ಮತ್ತು ಸಂಜೆಯ ಹೊತ್ತು ಸೇರಿಯೇ ಆ ಅರ್ಧ ಲೆಕ್ಕವಾಗಬೇಕು. ಇಲ್ಲದಿದ್ದರೆ ಮಧ್ಯಾಹ್ನ ಮೂರು ಗಂಟೆಯ ಜಾನಪದ ಗೀತೆಗಳಿಂದಲೇ ಲೆಕ್ಕ ತುಂಬಿಸಿಬಿಡುತ್ತಾರೆ.

ಇದಕ್ಕೆ ಜನ ಬೇಕು, ದುಡ್ಡು ಬೇಕು, ಇಲ್ಲವೆನ್ನುವುದಿಲ್ಲ. ಕೂಡಲೇ ಆಗಬಹುದಾದ ಕೆಲಸ ಇನ್ನೊಂದಿದೆ. ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಕೈಬಿಟ್ಟು ಎಫ್‌ಎಂಗೆ ಹೋಗುವುದು ಪ್ರಸಾರ ಭಾರತಿಯ ದಾರಿ. ಎಫ್‌ಎಂ ದನಿ ಸ್ವಚ್ಛ, ಆದರೆ ಗುಡ್ಡ ಅಡ್ಡ ಬಂದರೆ ಅದು ನಿಲ್ಲುತ್ತದೆ. ಭದ್ರಾವತಿಯ 675 ಕಿಲೊಹರ್ಟ್ಸ್ ಮಲೆನಾಡಿನ ಕಣಿವೆಗಳಿಗೆ ಇಳಿದಷ್ಟು ಸಲೀಸಾಗಿ ಅಲ್ಲಿನದೇ ಎಫ್‌ಎಂ 103.5 ಇಳಿಯುವುದಿಲ್ಲ. ಯಾವ ಟ್ರಾನ್ಸ್‌ಮಿಟರ್ ಯಾವಾಗ ನಿಲ್ಲುತ್ತದೆ, ನಿಂತ ಮೇಲೆ ಯಾವ ಹೋಬಳಿಗಳಿಗೆ ದನಿ ತಲುಪದು ಎಂಬುದನ್ನು ಆರು ತಿಂಗಳ ಮೊದಲೇ ಪ್ರಸಾರದಲ್ಲೇ ಪ್ರಕಟಿಸಿ, ತಾಲ್ಲೂಕಿಗೊಂದು ಸಭೆ ಕರೆದು ಕೇಳುಗರ ಆಕ್ಷೇಪಗಳನ್ನು ಬರೆದುಕೊಳ್ಳಲು ಕಾಯ್ದೆಯ ತಿದ್ದುಪಡಿ ಬೇಕಿಲ್ಲ. ನಿಲಯದ ಮುಖ್ಯಸ್ಥರಿಗೆ ಅದಕ್ಕೊಂದು ಸುತ್ತೋಲೆ ಸಾಕು.