ನಿಲ್ದಾಣದ ಪಕ್ಕದ ಎಕರೆ

ಮೆಟ್ರೊ ನಿಲ್ದಾಣ ಬಂದಲ್ಲೆಲ್ಲ ಪಾರ್ಕಿಂಗ್ ಬೇಡಿಕೆಯೂ ಬರುತ್ತದೆ. ಗಾಡಿ ನಿಲ್ಲಿಸಲು ಜಾಗ ಕೊಟ್ಟಷ್ಟೂ ರೈಲು ತುಂಬುತ್ತದೆ ಎಂಬ ಲೆಕ್ಕ ಅದರ ಹಿಂದಿದೆ. ಊರಿನ ಅಂಚಿನಲ್ಲಿ ಸರಿಹೋಗುವ ಈ ಲೆಕ್ಕ ನಡುಪೇಟೆಯಲ್ಲಿ ತಪ್ಪುತ್ತದೆ.

ನಗರ ಯೋಜನೆಯ ರೂಢಿಯಂತೆ ಬಯಲಿನಲ್ಲಿ ಒಂದು ಕಾರು ನಿಲ್ಲಲು, ಗಾಡಿ ತಿರುಗಿಸುವ ಜಾಗವೂ ಸೇರಿ, 23 ಚದರ ಮೀಟರ್ ಬೇಕು; ನೆಲಮಾಳಿಗೆಯಲ್ಲಾದರೆ 32. ಹಾಗಾಗಿ ಒಂದು ಎಕರೆ ಬಯಲಿಗೆ ಹೆಚ್ಚೆಂದರೆ 175 ಕಾರು. ಕಚೇರಿಗೆ ಹೋಗುವವರ ಕಾರು ಬೆಳಿಗ್ಗೆ ನಿಂತರೆ ಕದಲುವುದು ಸಂಜೆಗೇ, ಅದರಲ್ಲಿ ಬಂದವರೂ ಹೆಚ್ಚಾಗಿ ಒಬ್ಬರೇ. ಎಕರೆ ಜಾಗ ದಿನವಿಡೀ ಮೀಸಲಿಟ್ಟರೂ ಮೆಟ್ರೊದ ಒಂದು ಬೋಗಿ ತುಂಬದು. ಸ್ಕೂಟರ್ ಹಿಡಿಯುವ ಜಾಗ ಬಹಳ ಕಡಿಮೆ, ಬೆಂಗಳೂರಿನಲ್ಲಿ ಅವೇ ಹೆಚ್ಚು ಎಂಬುದು ನಿಜ. ಆದರೂ ಅದೇ ಎಕರೆಯಲ್ಲಿ ಮನೆ, ಅಂಗಡಿ, ಕಚೇರಿಗಳು ಎದ್ದರೆ ಬೆಳಗಿನಿಂದ ರಾತ್ರಿಯವರೆಗೂ ಜನ ರೈಲು ಹತ್ತಿ ಇಳಿಯುತ್ತಿರುತ್ತಾರೆ.

ನಡೆಯುವವರಿಗೆ ಆಗುವ ತೊಂದರೆ ಇನ್ನೂ ದೊಡ್ಡದು. ಪಾರ್ಕಿಂಗ್ ಗೇಟಿನೆದುರು ಫುಟ್‌ಪಾತ್ ತುಂಡಾಗುತ್ತದೆ. ಒಳಹೋಗುವ ಗಾಡಿಗೆ ನಿಂತು ದಾರಿ ಬಿಡಬೇಕು. ಒಳಗೆ ಜಾಗ ಸಿಗದವರು, ಶುಲ್ಕ ಉಳಿಸುವವರು ಸ್ಕೂಟರನ್ನು ಫುಟ್‌ಪಾತಿಗೇ ಏರಿಸುತ್ತಾರೆ. ಗಾಡಿಗಳ ಸಾಲು, ಟ್ರಾನ್ಸ್‌ಫಾರ್ಮರ್, ಮೇಲೆದ್ದ ಚಪ್ಪಡಿ, ಇಷ್ಟನ್ನೂ ಬಿಟ್ಟರೆ ಉಳಿಯುವುದು ರಸ್ತೆಯೇ. ಕೇಂದ್ರದ 2017ರ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯು ನಿಲ್ದಾಣದ ಪ್ರಭಾವ ವಲಯವೆಂದು ಗುರುತಿಸುವುದು 500ರಿಂದ 800 ಮೀಟರ್, ಸುಮಾರು ಹತ್ತು ನಿಮಿಷದ ನಡಿಗೆ. ಅಷ್ಟು ಹತ್ತಿರದವರೂ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೊರಟಾಗ ಗಾಡಿ ತೆಗೆಯುತ್ತಾರೆ. ಪಾರ್ಕಿಂಗ್ ಸಾಲದು ಎಂಬ ದೂರು ಮತ್ತೆ ಏಳುತ್ತದೆ.

ಅಮೆರಿಕದ ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿ ಬೇರೆ ದಾರಿ ಹಿಡಿಯಿತು. ಹೆದ್ದಾರಿಯ ನಡುವೆ ಹೋಗಬೇಕಿದ್ದ ಮೆಟ್ರೊವನ್ನು ಪಟ್ಟುಹಿಡಿದು ಪೇಟೆಯ ಕೆಳಗೆ ತರಿಸಿಕೊಂಡಿತು. 1979ರಲ್ಲಿ ಬಾಲ್‌ಸ್ಟನ್‌ವರೆಗೆ ತೆರೆದ ಆ ನಿಲ್ದಾಣಗಳ ಸುತ್ತ ಪಾರ್ಕಿಂಗ್ ಬಯಲಿನ ಬದಲು ಎತ್ತರದ ಕಟ್ಟಡಗಳು ಎದ್ದವು. ಅಲ್ಲಿ ಹೆಚ್ಚಿನವರು ನಿಲ್ದಾಣಕ್ಕೆ ನಡೆದೇ ಬರುತ್ತಾರೆ.

ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಚಲ್ಲಘಟ್ಟ, ತುಮಕೂರು ರಸ್ತೆಯ ಮಾದಾವರದಂಥ ಕೊನೆಯ ನಿಲ್ದಾಣಗಳ ಮಾತು ಬೇರೆ. ಹೊರಗಿನಿಂದ ಬರುವ ಕಾರು ಅಲ್ಲೇ ನಿಂತರೆ ನಗರದೊಳಗಿನ ರಸ್ತೆ ಅಷ್ಟು ಹಗುರಾಗುತ್ತದೆ. ಒಳಗಿನ ನಿಲ್ದಾಣಗಳಲ್ಲಿ ಗೇಟಿಗೆ ಹತ್ತಿರದ ಜಾಗ ಸಲ್ಲಬೇಕಾದುದು ಬಿಎಂಟಿಸಿ ಫೀಡರ್ ಬಸ್ಸಿಗೆ, ಆಟೊಗಳಿಗೆ, ಸೈಕಲ್‌ಗೆ. ಕಾರಿಗೆ ಉಳಿದರೆ ಮಾತ್ರ, ಅದೂ ಗಂಟೆಯ ಲೆಕ್ಕದ ಶುಲ್ಕಕ್ಕೆ. ಆದರೆ ಫುಟ್‌ಪಾತ್ ಸರಿಯಾಗದೆ, ಫೀಡರ್ ಬಸ್ ಹೊತ್ತಿಗೆ ಸರಿಯಾಗಿ ಬಾರದೆ ಪಾರ್ಕಿಂಗ್ ಕಿತ್ತುಹಾಕಿದರೆ ಸವಾರರು ರೈಲನ್ನೇ ಬಿಟ್ಟು ಸ್ಕೂಟರಿನಲ್ಲಿ ಕಚೇರಿಯವರೆಗೂ ಹೋಗುತ್ತಾರೆ.