ಊರಿನಲ್ಲಿ ಉದ್ಯೋಗ ಹೆಚ್ಚಿದರೆ ಕೃಷಿ ಕೂಲಿಯ ಗತಿಯೇನು? ಉದ್ಯೋಗ ಖಾತರಿಯ ಅನುಭವದಿಂದ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಕೆಲವು ವಿಚಾರಗಳು

ಗ್ರಾಮಸಭೆಗಳಲ್ಲಿಯೂ ರೈತರ ತರಬೇತಿ ಕಾರ್ಯಕ್ರಮಗಳಲ್ಲಿಯೂ ಪದೇ ಪದೇ ಕೇಳಿಬರುವ ಮಾತೊಂದಿದೆ: “ಹೊಲದ ಕೆಲಸಕ್ಕೆ ಆಳು ಸಿಗುತ್ತಿಲ್ಲ; ಸಿಕ್ಕರೂ ಕೂಲಿ ಕೈಗೆಟುಕುತ್ತಿಲ್ಲ.” ಇದಕ್ಕೆ ಉದ್ಯೋಗ ಖಾತರಿ ಯೋಜನೆಯೇ ಕಾರಣವೆಂದು ಅನೇಕ ರೈತರು ಭಾವಿಸಿದ್ದಾರೆ. ಕೂಲಿಕಾರರ ದೃಷ್ಟಿಯಲ್ಲಿ ಅದೇ ಯೋಜನೆಯು ಬೇಸಿಗೆಯಲ್ಲಿ ಒಲೆ ಉರಿಯುವಂತೆ ನೋಡಿಕೊಂಡ ಆಸರೆಯಾಗಿದೆ. ಈ ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಉದ್ಯೋಗ ಖಾತರಿ ಕಾಯ್ದೆಯ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿ, ಬಿತ್ತನೆ ಮತ್ತು ಕಟಾವಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿಗಳಿಗೆ ಬಿಡುವು ನೀಡಬೇಕೆಂದು ವಿಧಿಸಿರುವುದರಿಂದ, ಈ ವಿಷಯವನ್ನು ಆಧಾರಸಹಿತವಾಗಿ ಪರಿಶೀಲಿಸುವುದು ಅಗತ್ಯವಾಗಿದೆ.

ಕೂಲಿಯೂ ಒಂದು ಮಾರುಕಟ್ಟೆ

ರೈತರು ತಮ್ಮ ಉತ್ಪನ್ನದ ಮಾರಾಟದಲ್ಲಿ ಕಂಡ ಅನುಭವವೇ ಇಲ್ಲಿ ದಾರಿದೀಪವಾಗಬಲ್ಲದು. ಒಬ್ಬನೇ ವ್ಯಾಪಾರಿ ಇರುವ ಊರಿನಲ್ಲಿ ತೊಗರಿಗೆ ಅವನು ಹೇಳಿದ್ದೇ ಬೆಲೆ. ಅದೇ ಊರಿನ ಸಮೀಪ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದರೆ, ಅಲ್ಲಿಗೆ ಒಂದು ಚೀಲವನ್ನೂ ಒಯ್ಯದ ರೈತನಿಗೂ ಲಾಭವಾಗುತ್ತದೆ. “ನೀವು ಕೊಡದಿದ್ದರೆ ಕೇಂದ್ರಕ್ಕೆ ಹಾಕುತ್ತೇನೆ” ಎಂದು ಹೇಳುವ ಅವಕಾಶ ಅವನಿಗೆ ದೊರೆಯುತ್ತದೆ; ವ್ಯಾಪಾರಿಯು ಬೆಲೆ ಏರಿಸಲೇಬೇಕಾಗುತ್ತದೆ.

ಕೂಲಿಕಾರರ ವಿಷಯದಲ್ಲಿಯೂ ನಡೆಯುವುದು ಇದೇ. ಊರಿನಲ್ಲಿ ಹೊಸ ಕೆಲಸವೊಂದು ಹುಟ್ಟಿದಾಗ ಅದನ್ನು ಪಡೆದವರಿಗಷ್ಟೇ ಪ್ರಯೋಜನವೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ, ಆ ಕೆಲಸಕ್ಕೆ ಹೋಗದೆ ಹಳೆಯ ಹೊಲದಲ್ಲಿಯೇ ದುಡಿಯುವವರ ಕೂಲಿಯೂ ಬದಲಾಗುತ್ತದೆ. ಸ್ಥಳೀಯ ಉದ್ಯೋಗ ಸೃಷ್ಟಿಯ ಅತಿ ದೊಡ್ಡ ಪರಿಣಾಮವು ಹಾಜರಿ ಪಟ್ಟಿಯ ಹೊರಗೆ ಉಂಟಾಗುತ್ತದೆ ಎಂಬುದನ್ನು ಮುಂದೆ ವಿವರಿಸಿರುವ ಅಧ್ಯಯನಗಳು ಸ್ಪಷ್ಟಪಡಿಸುತ್ತವೆ.

ಅಧ್ಯಯನಗಳು ತೋರಿಸಿದ್ದೇನು?

ಉದ್ಯೋಗ ಖಾತರಿ ಯೋಜನೆಯು ದೇಶಾದ್ಯಂತ ಒಮ್ಮೆಲೇ ಜಾರಿಗೆ ಬರಲಿಲ್ಲ. 2006ರ ಫೆಬ್ರುವರಿಯಲ್ಲಿ 200 ಹಿಂದುಳಿದ ಜಿಲ್ಲೆಗಳಲ್ಲಿ ಆರಂಭವಾಗಿ, 2007ರಲ್ಲಿ ಇನ್ನೂ 130 ಜಿಲ್ಲೆಗಳಿಗೆ, 2008ರ ಏಪ್ರಿಲ್‌ನಿಂದ ಉಳಿದ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಿಸಿತು. ಕರ್ನಾಟಕದಲ್ಲಿ ಬೀದರ್, ಕಲಬುರಗಿ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ ಮೊದಲ ಹಂತದ ಜಿಲ್ಲೆಗಳಾಗಿದ್ದವು. ಈ ಅಂತರವನ್ನು ಬಳಸಿಕೊಂಡು, ಯೋಜನೆ ಮೊದಲು ಬಂದ ಮತ್ತು ತಡವಾಗಿ ಬಂದ ಜಿಲ್ಲೆಗಳನ್ನು ಅರ್ಥಶಾಸ್ತ್ರಜ್ಞರಾದ ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪಾಪ್ ಹೋಲಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬೇಸಿಗೆಯ ಒಣ ಅವಧಿಯಲ್ಲಿ ಖಾಸಗಿ ದಿನಗೂಲಿಯು ಸುಮಾರು ಶೇ. 4.7ರಷ್ಟು ಏರಿತು, ಖಾಸಗಿ ಕೆಲಸದ ದಿನಗಳು ಒಂದಿಷ್ಟು ಕಡಿಮೆಯಾದವು. ಕಾಮಗಾರಿಗಳು ವಿರಳವಾಗಿದ್ದ ಮಳೆಗಾಲದಲ್ಲಿ ಅಂತಹ ಗಣನೀಯ ಏರಿಕೆ ಕಂಡುಬರಲಿಲ್ಲ. ಈ ಕೊನೆಯ ಅಂಶವನ್ನು ರೈತರು ವಿಶೇಷವಾಗಿ ಗಮನಿಸಬೇಕು.

ಎರಡನೆಯ ಅಧ್ಯಯನವು ನೆರೆಯ ಅವಿಭಜಿತ ಆಂಧ್ರಪ್ರದೇಶದ್ದು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಂಕರ್ ಅವರು 157 ಮಂಡಲಗಳಲ್ಲಿ ಸ್ಮಾರ್ಟ್‌ಕಾರ್ಡ್ ಮೂಲಕ ಕೂಲಿ ಪಾವತಿಯನ್ನು ಸುಧಾರಿಸಿದಾಗ ಆದ ಬದಲಾವಣೆಯನ್ನು ಅಳೆದರು. ಯಾವ ಮಂಡಲಕ್ಕೆ ಸುಧಾರಣೆ ಮೊದಲು ಬರಬೇಕೆಂಬುದನ್ನು ಚೀಟಿ ಎತ್ತುವ ರೀತಿಯಲ್ಲಿ ನಿರ್ಧರಿಸಲಾಗಿತ್ತು. ಆದ್ದರಿಂದ ಹೋಲಿಕೆ ನಂಬಲರ್ಹವಾಗಿದೆ. 2023ರಲ್ಲಿ ಪ್ರಕಟವಾದ ಫಲಿತಾಂಶಗಳು ಹೀಗಿವೆ:

• ಫಲಾನುಭವಿ ಕುಟುಂಬಗಳ ಗಳಿಕೆ ಶೇ. 14ರಷ್ಟು ಹೆಚ್ಚಿತು, ಬಡತನ ಶೇ. 26ರಷ್ಟು ಇಳಿಯಿತು.
• ಹೆಚ್ಚಿದ ಆದಾಯದಲ್ಲಿ ಶೇ. 86 ಭಾಗವು ಯೋಜನೆಯ ಹೊರಗಿನ ಗಳಿಕೆಯಿಂದ, ಅಂದರೆ ಮುಖ್ಯವಾಗಿ ಏರಿದ ಖಾಸಗಿ ಕೂಲಿ ಮತ್ತು ಖಾಸಗಿ ಕೆಲಸದಿಂದ ಬಂದಿತು.
• ಕೂಲಿ ಏರಿದರೂ ಖಾಸಗಿ ಉದ್ಯೋಗ ಕುಗ್ಗಲಿಲ್ಲ, ಹೆಚ್ಚಿತು. ಭೂಮಿ ಕೆಲವರ ಕೈಯಲ್ಲಿಯೇ ಕೇಂದ್ರೀಕೃತವಾಗಿದ್ದ ಊರುಗಳಲ್ಲಿ ಈ ಏರಿಕೆ ಇನ್ನೂ ಹೆಚ್ಚು.
• ಜಮೀನಿನಿಂದ ಬರುವ ಪ್ರತಿಫಲ ಕಡಿಮೆಯಾಯಿತು.

ಉದ್ಯೋಗ ಹೆಚ್ಚಿದ ಅಂಶವು ಮೊದಲು ಅಚ್ಚರಿಯೆನಿಸಬಹುದು. ಕೆಲಸ ಕೊಡುವವರು ಇಬ್ಬರು ಮೂವರೇ ಇರುವ ಊರಿನಲ್ಲಿ ಅವರು ಕಡಿಮೆ ಆಳುಗಳನ್ನು ಕರೆದು ಕೂಲಿಯನ್ನು ಕೆಳಮಟ್ಟದಲ್ಲಿಯೇ ಉಳಿಸಬಲ್ಲರು. ಆ ದರಕ್ಕೆ ಒಪ್ಪದವರು ಮನೆಯಲ್ಲಿಯೇ ಉಳಿಯುತ್ತಾರೆ ಅಥವಾ ಗುಳೆ ಹೋಗುತ್ತಾರೆ. ಬೇರೆ ಕೆಲಸದ ಆಸರೆ ದೊರೆತಾಗ ಕೂಲಿ ಏರುತ್ತದೆ. ಏರಿದ ಕೂಲಿಗೆ ಹೆಚ್ಚು ಜನ ಹೊಲಕ್ಕೆ ಬರುತ್ತಾರೆ. ಎರಡು ಅಧ್ಯಯನಗಳ ಫಲಿತಾಂಶವು ಉದ್ಯೋಗದ ವಿಷಯದಲ್ಲಿ ಒಂದೇ ಆಗಿಲ್ಲ ಎಂಬುದನ್ನೂ ಹೇಳಬೇಕು. ಕೂಲಿ ಏರಿದಾಗ ಹೊಲದ ಕೆಲಸ ಕುಗ್ಗುವುದೋ ಹಿಗ್ಗುವುದೋ ಎಂಬುದು ಆಯಾ ಊರಿನ ಭೂಹಿಡುವಳಿಯನ್ನೂ ಕೆಲಸ ಕೊಡುವವರ ಸಂಖ್ಯೆಯನ್ನೂ ಅವಲಂಬಿಸಿರುತ್ತದೆ. ಕೂಲಿ ಏರುತ್ತದೆ ಎಂಬ ವಿಷಯದಲ್ಲಿ ಮಾತ್ರ ಎರಡೂ ಒಂದೇ ಮಾತನ್ನು ಹೇಳುತ್ತವೆ.

ರೈತನ ಪಾಲಿಗೆ ಲೆಕ್ಕ

ಹೆಚ್ಚಿದ ಕೂಲಿಯ ಒಂದು ಭಾಗವನ್ನು ಜಮೀನುದಾರರು ಭರಿಸುತ್ತಾರೆ, ಇದನ್ನು ಮರೆಮಾಚಬೇಕಿಲ್ಲ. ಆದರೆ ದೇಶದ ಹಿಡುವಳಿದಾರರಲ್ಲಿ ಶೇ. 86ರಷ್ಟು ಜನ ಸಣ್ಣ ಮತ್ತು ಅತಿ ಸಣ್ಣ ರೈತರು. ಎರಡು ಎಕರೆ ಒಣಭೂಮಿಯ ಕುಟುಂಬವು ನಾಟಿ ಅಥವಾ ಕಟಾವಿಗೆ ಕೆಲವು ದಿನ ಆಳು ಕರೆಯುತ್ತದೆ; ಉಳಿದ ದಿನಗಳಲ್ಲಿ ಅದೇ ಮನೆಯವರು ಬೇರೆಯವರ ಹೊಲದಲ್ಲಿಯೋ ಕಾಮಗಾರಿಯಲ್ಲಿಯೋ ದುಡಿಯುತ್ತಾರೆ. ವರ್ಷದಲ್ಲಿ ಕೊಟ್ಟ ಕೂಲಿಯ ದಿನಗಳಿಗಿಂತ ಪಡೆದ ಕೂಲಿಯ ದಿನಗಳು ಹೆಚ್ಚಿದ್ದರೆ, ಕೂಲಿ ಏರಿಕೆಯಿಂದ ಆ ಕುಟುಂಬಕ್ಕೆ ಲಾಭವೇ. ವರ್ಷವಿಡೀ ಆಳು ಬೇಕಾಗುವ ತೋಟಗಾರಿಕೆ ಬೆಳೆಗಾರರಿಗೂ ಮಧ್ಯಮ ಹಿಡುವಳಿದಾರರಿಗೂ ನಿಜವಾದ ಹೊರೆ ಬೀಳುತ್ತದೆ. ಬೆಂಬಲ ಬೆಲೆಯ ಬೆಳೆಗಳಲ್ಲಿ ಕೂಲಿ ವೆಚ್ಚವನ್ನು ಉತ್ಪಾದನಾ ವೆಚ್ಚದಲ್ಲಿ ಪರಿಗಣಿಸಲಾಗುತ್ತದೆ. ತರಕಾರಿ, ಅಡಿಕೆ, ಕಾಫಿಯಂತಹ ಬೆಳೆಗಳಿಗೆ ಆ ರಕ್ಷಣೆಯಿಲ್ಲ. ಆದ್ದರಿಂದ ‘ರೈತರಿಗೆ ನಷ್ಟ’ ಎಂದೋ ‘ರೈತರಿಗೆ ಲಾಭ’ ಎಂದೋ ಒಟ್ಟಾರೆಯಾಗಿ ಹೇಳುವುದು ಸರಿಯಲ್ಲ.

ಮಹಿಳೆಯರ ಕೂಲಿಯ ವಿಷಯವನ್ನು ಪ್ರತ್ಯೇಕವಾಗಿ ನೋಡಬೇಕು. ಕಳೆ ಕೀಳುವುದು, ನಾಟಿ, ಹತ್ತಿ ಬಿಡಿಸುವುದು ಮುಂತಾದ ಕೆಲಸಗಳನ್ನು ಬಹುಪಾಲು ಮಹಿಳೆಯರೇ ಮಾಡುತ್ತಾರೆ. ಅವರ ದಿನಗೂಲಿ ಪುರುಷರಿಗಿಂತ ಕಡಿಮೆಯಿರುವುದು ರೂಢಿ. ಉದ್ಯೋಗ ಖಾತರಿಯಲ್ಲಿ ಇಬ್ಬರಿಗೂ ಒಂದೇ ದರ. 2025–26ರಲ್ಲಿ ಕರ್ನಾಟಕಕ್ಕೆ ಅದು ದಿನಕ್ಕೆ ರೂ. 370 ಆಗಿತ್ತು. ಹೊಲದಲ್ಲಿ ಇದಕ್ಕಿಂತ ಕಡಿಮೆ ಪಡೆಯುತ್ತಿದ್ದ ಮಹಿಳೆಗೆ ಮಾತುಕತೆಯಲ್ಲಿ ಹಿಡಿದು ನಿಲ್ಲಲು ಒಂದು ಅಳತೆಗೋಲು ಸಿಕ್ಕಂತಾಯಿತು.

ಕಾರ್ಖಾನೆಯ ಕೆಲಸ ಬೇರೆ ಬಗೆಯದು

ಸ್ಥಳೀಯ ಉದ್ಯೋಗವೆಂದರೆ ಸರ್ಕಾರಿ ಕಾಮಗಾರಿ ಮಾತ್ರವಲ್ಲ. ಮಂಡ್ಯ, ರಾಮನಗರ ಭಾಗದ ಸಿದ್ಧ ಉಡುಪು ಘಟಕಗಳು, ಕೋಲಾರದ ನರಸಾಪುರ ಮತ್ತು ದೇವನಹಳ್ಳಿ ಭಾಗದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಸುತ್ತಲಿನ ಕೃಷಿ ಗ್ರಾಮಗಳ ಯುವಜನರನ್ನು, ವಿಶೇಷವಾಗಿ ಯುವತಿಯರನ್ನು ಸೆಳೆಯುತ್ತಿವೆ. ಕಾಮಗಾರಿಯ ಕೆಲಸ ಬಿಡುವಿನ ಕಾಲದ್ದು. ಕಾರ್ಖಾನೆಯದು ವರ್ಷವಿಡೀ ನಡೆಯುವಂಥದ್ದು. ಅಲ್ಲಿಗೆ ಹೋದವರು ನಾಟಿಯ ಕಾಲಕ್ಕೆ ಮರಳಿ ಬರುವುದಿಲ್ಲ. ಊರಿನಲ್ಲಿ ಉಳಿಯುವ ಮಧ್ಯವಯಸ್ಕ ಕೂಲಿಕಾರರ ಕೂಲಿ ಏರುತ್ತದೆ, ಆದರೆ ವಯಸ್ಸು ಮತ್ತು ಶಿಕ್ಷಣದ ಮಿತಿಯಿಂದಾಗಿ ಕಾರ್ಖಾನೆಯ ಬಾಗಿಲು ಅವರಿಗೆ ತೆರೆಯುವುದು ಕಡಿಮೆ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕೆಲಸಗಾರರು ಬಂದಾಗ ಸ್ಥಳೀಯ ಕೂಲಿಯ ಏರಿಕೆಯೂ ಹಂಚಿಹೋಗುತ್ತದೆ. ಇಂತಹ ಪ್ರದೇಶಗಳಲ್ಲಿ ಉದ್ಯೋಗ ಖಾತರಿಯನ್ನು ನಿಲ್ಲಿಸಿದ ಮಾತ್ರಕ್ಕೆ ಹೊಲಕ್ಕೆ ಆಳು ಮರಳುವರೆಂದು ನಿರೀಕ್ಷಿಸಲಾಗದು.

60 ದಿನಗಳ ಬಿಡುವು: ಎಲ್ಲಿ, ಯಾವಾಗ?

‘ವಿಬಿ–ಜಿ ರಾಮ್ ಜಿ’ ಎಂದು ಕರೆಯಲಾಗುವ ಹೊಸ ಕಾಯ್ದೆಯು ಖಾತರಿಯನ್ನು ವರ್ಷಕ್ಕೆ 100ರಿಂದ 125 ದಿನಗಳಿಗೆ ಏರಿಸಿದೆ. ಹಿಂದೆ ಕೂಲಿಯ ಸಂಪೂರ್ಣ ವೆಚ್ಚವನ್ನು ಕೇಂದ್ರವು ಭರಿಸುತ್ತಿತ್ತು. ಈಗ ಬಹುತೇಕ ರಾಜ್ಯಗಳಲ್ಲಿ ವೆಚ್ಚದ ಹಂಚಿಕೆ 60:40ರ ಪ್ರಮಾಣದಲ್ಲಿರುತ್ತದೆ. ಕಾಗದದ ಮೇಲಿನ ದಿನಗಳ ಸಂಖ್ಯೆಗಿಂತ, ಕೇಳಿದಾಗ ಕೆಲಸ ಸಿಗುವುದೇ, ಕೂಲಿ ಸಕಾಲಕ್ಕೆ ಪಾವತಿಯಾಗುವುದೇ ಎಂಬುದು ಮುಖ್ಯ. ಆಂಧ್ರದ ಅಧ್ಯಯನದಲ್ಲಿ ಸುಧಾರಿಸಿದ್ದು ಯೋಜನೆಯ ಅನುಷ್ಠಾನ. ಕೂಲಿ ಮಾರುಕಟ್ಟೆಯಲ್ಲಿ ಅಷ್ಟು ಬದಲಾವಣೆಯಾಗಲು ಅದೇ ಸಾಕಾಯಿತು.

ಬಿಡುವಿನ ಅವಧಿಯನ್ನು ರಾಜ್ಯ ಸರ್ಕಾರವು ಮುಂಚಿತವಾಗಿ ಪ್ರಕಟಿಸಬೇಕು. ಕೃಷಿ ಹವಾಮಾನ ವಲಯ ಮತ್ತು ಸ್ಥಳೀಯ ಬೆಳೆ ಪದ್ಧತಿಗೆ ತಕ್ಕಂತೆ ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಅವಧಿ ಗೊತ್ತುಪಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. 10 ಕೃಷಿ ಹವಾಮಾನ ವಲಯಗಳಿರುವ ಕರ್ನಾಟಕಕ್ಕೆ ಈ ಅವಕಾಶ ಬಹು ಮುಖ್ಯ. ಆಳಿನ ಬೇಡಿಕೆ ಉತ್ತುಂಗಕ್ಕೇರುವ ಸಮಯ ಎಲ್ಲೆಡೆ ಒಂದೇ ಅಲ್ಲ:

• ತುಂಗಭದ್ರಾ ಅಚ್ಚುಕಟ್ಟಿನ ಭತ್ತ: ನಾಟಿಗೆ ಜುಲೈ–ಆಗಸ್ಟ್.
• ದಕ್ಷಿಣದ ಒಣಭೂಮಿಯ ರಾಗಿ: ಕಟಾವಿಗೆ ನವೆಂಬರ್–ಡಿಸೆಂಬರ್.
• ಕಲಬುರಗಿ ಭಾಗದ ತೊಗರಿ: ಕಟಾವಿಗೆ ಡಿಸೆಂಬರ್–ಜನವರಿ.
• ಕೊಡಗು, ಚಿಕ್ಕಮಗಳೂರಿನ ಕಾಫಿ: ಅರೇಬಿಕಾ ಕೊಯ್ಲಿಗೆ ನವೆಂಬರ್‌ನಿಂದ, ರೊಬಸ್ಟಾ ಕೊಯ್ಲಿಗೆ ಜನವರಿಯಿಂದ.

ಇಡೀ ರಾಜ್ಯಕ್ಕೆ ಒಂದೇ ಅವಧಿಯನ್ನು ನಿಗದಿಪಡಿಸಿದರೆ ಒಂದು ವಲಯದ ರೈತನಿಗೆ ಆಳು ಸಿಗಬಹುದು. ಇನ್ನೊಂದು ವಲಯದ ಕೂಲಿಕಾರನಿಗೆ ಹೊಲದಲ್ಲಿಯೂ ಕೆಲಸವಿಲ್ಲದೆ, ಕಾಮಗಾರಿಯೂ ಇಲ್ಲದೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಸ್ಥಿತಿ ಬರಬಹುದು. ಒಮ್ಮೆ ಊರು ಬಿಟ್ಟ ಕುಟುಂಬ ಮುಂಗಾರಿನ ಬಿತ್ತನೆಗೆ ಮರಳುವುದೆಂಬ ಭರವಸೆಯಿಲ್ಲ. ಬೇಸಿಗೆಯಲ್ಲಿ ಊರಿನಲ್ಲಿಯೇ ಕೆಲಸ ದೊರೆತರೆ ಮಾತ್ರ ಮಳೆಗಾಲಕ್ಕೆ ಆಳು ಊರಿನಲ್ಲಿ ಉಳಿಯುತ್ತಾರೆ. ಕಾಮಗಾರಿಗಳು ವಿರಳವಾಗಿದ್ದ ಮಳೆಗಾಲದಲ್ಲಿ ಕೂಲಿಯ ಮೇಲೆ ಹೆಚ್ಚಿನ ಪರಿಣಾಮವಾಗಿರಲಿಲ್ಲ ಎಂಬ ಹಿಂದಿನ ಅಂಶವನ್ನು ಇಲ್ಲಿ ನೆನೆಯಬೇಕು. ಬಿತ್ತನೆ ಕಾಲದ ಆಳಿನ ಅಭಾವಕ್ಕೆ ಬಿಡುವೊಂದೇ ಪರಿಹಾರವಾಗಲಾರದು.

ರೈತರು ಮಾಡಬಹುದಾದದ್ದು

ದಿನದ ಕೂಲಿಯನ್ನು ತಗ್ಗಿಸುವುದು ಯಾವ ರೈತನ ಕೈಯಲ್ಲಿಯೂ ಇಲ್ಲ. ಎಕರೆಗೆ ತಗಲುವ ಕೂಲಿ ವೆಚ್ಚವನ್ನು ಮಾತ್ರ ತಗ್ಗಿಸಬಹುದು. ಲೆಕ್ಕಕ್ಕಾಗಿ ಒಂದು ಉದಾಹರಣೆ: ಎರಚಿ ಬಿತ್ತಿದ ರಾಗಿಯ ಕಳೆ ಕೀಳಲು ಎಕರೆಗೆ 12 ಆಳು ಬೇಕೆಂದೂ ಕೂಲಿ ರೂ. 300 ಎಂದೂ ಇಟ್ಟುಕೊಂಡರೆ ವೆಚ್ಚ ರೂ. 3,600. ಕೂಲಿ ರೂ. 350ಕ್ಕೆ ಏರಿದರೆ ಅದು ರೂ. 4,200 ಆಗುತ್ತದೆ. ಕೂರಿಗೆಯಿಂದ ಸಾಲು ಬಿತ್ತನೆ ಮಾಡಿ, ಎಡೆಕುಂಟೆ ಹೊಡೆದು, ಉಳಿದ ಕಳೆಗೆ 6 ಆಳು ಸಾಕಾದರೆ ಆಳಿನ ವೆಚ್ಚ ರೂ. 2,100, ಕುಂಟೆ ಹೊಡೆಯುವ ಖರ್ಚನ್ನು ಇದಕ್ಕೆ ಸೇರಿಸಿ ನೋಡಬೇಕು. ಹೆಚ್ಚಿನ ಕೂಲಿ ಕೊಟ್ಟೂ ವೆಚ್ಚ ಉಳಿಸುವ ದಾರಿ ಇದು.

1. ನೀರಾವರಿ ಭತ್ತದಲ್ಲಿ ಕೂರಿಗೆ ಬಿತ್ತನೆಯನ್ನು ಅಥವಾ ಯಂತ್ರ ನಾಟಿಯನ್ನು ಮೊದಲು ಒಂದು ಎಕರೆಯಲ್ಲಿ ಪ್ರಯತ್ನಿಸಿ ನೋಡಬೇಕು. ಕೂರಿಗೆ ಬಿತ್ತನೆಯಲ್ಲಿ ಕಳೆ ನಿರ್ವಹಣೆ ತಪ್ಪಿದರೆ ಉಳಿಸಿದ ಕೂಲಿ ಕಳೆಗೇ ಹೋಗುತ್ತದೆ.
2. ಯಂತ್ರಗಳನ್ನು ಸಾಲ ಮಾಡಿ ಕೊಳ್ಳುವ ಮೊದಲು ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ದರವನ್ನು ವಿಚಾರಿಸಬೇಕು.
3. ತೊಗರಿಯ ಕುಡಿ ಚಿವುಟುವ ಯಂತ್ರ, ಅಡಿಕೆಗೆ ಫೈಬರ್ ದೋಟಿ ಮುಂತಾದವುಗಳನ್ನು ನಾಲ್ಕಾರು ರೈತರು ಸೇರಿ ಬಳಸಿದರೆ ವೆಚ್ಚ ಹಗುರಾಗುತ್ತದೆ.
4. ಅಕ್ಕಪಕ್ಕದ ರೈತರು ಬಿತ್ತನೆಯನ್ನು ಕೆಲವು ದಿನ ಹಿಂದುಮುಂದು ಮಾಡಿಕೊಂಡು ಮುಯ್ಯಾಳು ಪದ್ಧತಿಯನ್ನು ಮತ್ತೆ ರೂಢಿಗೆ ತರಬಹುದು.
5. ಕೂಲಿಯನ್ನು ಅಂದಂದೇ ಪಾವತಿಸುವ, ನೆರಳು ಮತ್ತು ಕುಡಿಯುವ ನೀರು ಒದಗಿಸುವ ಹೊಲಕ್ಕೆ ಆಳು ಮೊದಲು ಬರುತ್ತಾರೆ.

ಯಂತ್ರವು ಕಳೆ ಕೀಳುವ ಮಹಿಳೆಯರ ದುಡಿಮೆಯ ದಿನಗಳನ್ನು ಕಸಿಯಬಲ್ಲದು ಎಂಬುದನ್ನೂ ಮರೆಯಬಾರದು. ಯಂತ್ರ ಚಾಲನೆ ಹಾಗೂ ದುರಸ್ತಿಯ ತರಬೇತಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಮೊದಲ ಆದ್ಯತೆ ನೀಡುವುದು ನ್ಯಾಯಯುತ.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ‘ಆಳಿನ ಪಂಚಾಂಗ’ ಸಿದ್ಧಪಡಿಸುವುದು ಈಗಿನ ತುರ್ತು ಕೆಲಸ. ಯಾವ ಬೆಳೆ ಎಷ್ಟು ಎಕರೆಯಲ್ಲಿದೆ, ಯಾವ ವಾರದಲ್ಲಿ ಎಷ್ಟು ಆಳು ಬೇಕು, ಯಾವ ವಾರಗಳಲ್ಲಿ ಹೊಲದಲ್ಲಿ ಕೆಲಸವೇ ಇರುವುದಿಲ್ಲ ಎಂಬುದನ್ನು ರೈತರಿಂದಲೂ ಕಾಯಕ ಬಂಧುಗಳಿಂದಲೂ ಕೇಳಿ ದಾಖಲಿಸಬೇಕು. ಬಿಡುವಿನ ದಿನಗಳನ್ನು ಗೊತ್ತುಪಡಿಸುವ ಚರ್ಚೆಗೆ ಅದನ್ನು ಗ್ರಾಮಸಭೆಯ ಮೂಲಕ ಸಲ್ಲಿಸಬೇಕು. ಕೂಲಿಕಾರರ ಮಾತು ಸೇರದ ಪಂಚಾಂಗ ಅರ್ಧ ಸತ್ಯವಷ್ಟೇ.

ಕಾಮಗಾರಿಗಳ ಆಯ್ಕೆಯೂ ಅಷ್ಟೇ ಮಹತ್ವದ್ದು. ಬದು, ಕೃಷಿ ಹೊಂಡ, ಕೆರೆಯ ಹೂಳು ತೆಗೆಯುವುದು ಮುಂತಾದ ಕೆಲಸಗಳು ಇಂದು ಕೂಲಿ ಕೊಡುತ್ತವೆ. ಮುಂದೆ ನೀರು ನಿಂತು ಎರಡನೆಯ ಬೆಳೆ ಸಾಧ್ಯವಾದರೆ ಅದೇ ಹೊಲದಲ್ಲಿ ದುಡಿಮೆಯ ದಿನಗಳು ಹೆಚ್ಚುತ್ತವೆ. ಆಗ ರೈತನಿಗೆ ಹೆಚ್ಚಿನ ಕೂಲಿ ಕೊಡುವ ಶಕ್ತಿಯೂ ಬರುತ್ತದೆ. ಸ್ಥಳೀಯ ಬೆಳೆಗೆ ಹೊಂದುವ ಯಂತ್ರ ಹಾಗೂ ಬಿತ್ತನೆ ಕ್ರಮಗಳ ಬಗ್ಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.