ರಾತ್ರಿಯ ನಾಟಕವೂ ದೇಹದ ಗಡಿಯಾರವೂ

ಸುಗ್ಗಿ ಮುಗಿದು ಕಣಗಳು ಬರಿದಾದವೆಂದರೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ನಾಟಕದ ಕಾಲ ಬಂದಿತೆಂದೇ ಅರ್ಥ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಸೀಮೆಯಲ್ಲಿ ಹಬ್ಬ ಜಾತ್ರೆಗಳ ನೆಪದಿಂದ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳು ರಾತ್ರಿಯ ಊಟದ ಹೊತ್ತಿಗೆ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುವುದುಂಟು. ದುರ್ಯೋಧನನಾಗಿ, ಕೃಷ್ಣನಾಗಿ ರಂಗಕ್ಕೆ ಬರುವವರು ಆಯಾ ಊರಿನ ರೈತರು, ಅಂಗಡಿಯವರು, ಉಪಾಧ್ಯಾಯರು. ಪಾತ್ರಕ್ಕಿಷ್ಟೆಂದು ತಾವೇ ಹಣ ತೆತ್ತು, ತಿಂಗಳುಗಟ್ಟಲೆ ಸಂಜೆಯ ವೇಳೆ ಮೇಷ್ಟರ ಹಾರ್ಮೋನಿಯಮ್ಮಿನ ಮುಂದೆ ಕುಳಿತು ಪದ್ಯಗಳನ್ನು ಕಲಿತು ಅವರು ರಂಗವೇರುತ್ತಾರೆ. ಇಂತಹ ಅಭಿಮಾನ ಬೇರೆ ನಾಡುಗಳಲ್ಲಿ ಅಪರೂಪ. ಅದನ್ನು ಕುರಿತು ನಮಗೆ ಹೆಮ್ಮೆಯಿದೆ.

ಆದರೆ ಈ ಲೇಖನದ ವಿಷಯ ರಂಗದ ಮೇಲಿನವರಲ್ಲ, ಪರದೆಯ ಹಿಂದಿನವರು. ಈ ಊರಿನ ಹೆಸರನ್ನು ಕನ್ನಡ ಓದುಗರಿಗೆ ಪರಿಚಯಿಸಿದ ಡಾ. ಬೆಸಗರಹಳ್ಳಿ ರಾಮಣ್ಣನವರು (1938–1998) ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಕತೆಗಾರರು. ಆದುದರಿಂದ ಕಲೆಯ ಪ್ರಶ್ನೆಯೊಂದನ್ನು ವೈದ್ಯಶಾಸ್ತ್ರದ ಕಣ್ಣಿನಿಂದ ನೋಡುವುದು ಇಲ್ಲಿ ಅನುಚಿತವೆನಿಸಲಾರದು.

ನಾಟಕಕ್ಕೆ ಬೇಕಾದ ಪರದೆ, ಉಡುಪು, ಕಿರೀಟ, ಗದೆ, ದೀಪ ಇವೆಲ್ಲವನ್ನೂ ಬಾಡಿಗೆಗೆ ತರುವವರು ಪೇಟೆಯ ಸೀನರಿಯವರು. ಮಧ್ಯಾಹ್ನ ಇವರ ವಾಹನ ಊರಿಗೆ ಬರುತ್ತದೆ. ಬಿಸಿಲಿನಲ್ಲಿಯೇ ಕಂಬ ನೆಟ್ಟು, ಹಲಗೆ ಜೋಡಿಸಿ, ಪರದೆಗಳನ್ನು ಏರಿಸಿ, ತಂತಿಗಳನ್ನು ಎಳೆಯುವ ಕೆಲಸ ಸಾಗುತ್ತದೆ. ಸಂಜೆ ಬಣ್ಣ ಹಚ್ಚುವವರ ಸರದಿ. ಇಪ್ಪತ್ತು ಮುಖಗಳಿಗಾದರೂ ಬಣ್ಣ ಬಳಿದು, ಉಡುಪು ತೊಡಿಸಬೇಕು. ರಾತ್ರಿಯೆಲ್ಲ ಒಬ್ಬನು ಪರದೆಯ ಹಗ್ಗ ಹಿಡಿದಿರಬೇಕು, ಒಬ್ಬನು ದೀಪ ನೋಡಬೇಕು, ಒಬ್ಬನು ಮೈಕು ಕಾಯಬೇಕು. ಮೇಷ್ಟರಂತೂ ಹಾರ್ಮೋನಿಯಂ ಬಿಟ್ಟು ಏಳುವಂತೆಯೇ ಇಲ್ಲ. ಮಂಗಳ ಹಾಡಿದ ಮೇಲೆ ಪ್ರೇಕ್ಷಕರು ಮನೆಗೆ ಹೋಗಿ ಮಲಗುತ್ತಾರೆ. ಪರದೆಯ ಹಿಂದಿನವರು ಕಟ್ಟಿದ್ದನ್ನೆಲ್ಲ ಬಿಚ್ಚಿ, ಮಡಿಸಿ, ವಾಹನಕ್ಕೆ ತುಂಬಿ ಹೊರಡುತ್ತಾರೆ. ನಾಟಕದ ತಿಂಗಳುಗಳಲ್ಲಿ ಮರುದಿನ ರಾತ್ರಿಯೂ ಮತ್ತೊಂದು ಊರಿನಲ್ಲಿ ಇದೇ ಕೆಲಸ ಕಾದಿರಬಹುದು.

ಇವರ ದಣಿವಿನ ವಿಷಯವನ್ನು ಎತ್ತಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ‘ಅವರಿಗೆ ಅದು ಅಭ್ಯಾಸವಾಗಿದೆ’ ಎಂಬುದು ಮೊದಲನೆಯದು. ‘ಕಲಾಸೇವೆ ಮಾಡುವವರು ನಿದ್ದೆಯ ಲೆಕ್ಕ ಹಾಕಬಾರದು’ ಎಂಬುದು ಎರಡನೆಯದು. ಮೊದಲನೆಯ ಮಾತು ವಿಜ್ಞಾನಕ್ಕೆ ವಿರುದ್ಧವಾದುದು, ಎರಡನೆಯದು ನ್ಯಾಯಕ್ಕೆ ವಿರುದ್ಧವಾದುದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಓದುಗರ ಮುಂದೆ ಇಡುತ್ತೇವೆ.

ಮೊದಲು ಒತ್ತಡವೆಂದರೇನೆಂಬುದನ್ನು ನೋಡೋಣ. ಭಯವಾಗಲಿ, ಸಿಟ್ಟಾಗಲಿ ಬಂದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಸ್ನಾಯುಗಳು ಹುರಿಗೊಳ್ಳುತ್ತವೆ. ದೇಹವು ಹೋರಾಟಕ್ಕೋ ಓಟಕ್ಕೋ ಸಿದ್ಧವಾಗುವ ಈ ಕ್ರಮವನ್ನು ಅಮೆರಿಕದ ದೇಹಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಪರದೆ ಏಳುವ ಮುನ್ನ ರಂಗಕರ್ಮಿಯ ಅಂಗೈ ಬೆವರುವುದು ಇದರಿಂದಲೇ. ಇದು ರೋಗವಲ್ಲ. ಇಷ್ಟರ ಮಟ್ಟಿಗಿನ ಒತ್ತಡವು ಗಮನವನ್ನು ಚುರುಕುಗೊಳಿಸಿ ಕೆಲಸಕ್ಕೆ ಸಹಾಯವನ್ನೇ ಮಾಡುತ್ತದೆ.

ಕೇಡು ಬರುವುದು ಒತ್ತಡ ಇಳಿಯಲು ಅವಕಾಶವಿಲ್ಲದಿದ್ದಾಗ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿ, ಗಾಯ, ಅತಿಶ್ರಮ ಮೊದಲಾದ ಬಗೆಬಗೆಯ ಕಷ್ಟಗಳಿಗೆ ಒಡ್ಡಿ ನೋಡಿದನು. ಕಷ್ಟ ಯಾವುದೇ ಆಗಿರಲಿ, ದೇಹವು ತೋರಿದ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು. ಮೊದಲು ಗಾಬರಿ, ಅನಂತರ ಹೊಂದಿಕೊಂಡು ತಾಳಿಕೊಳ್ಳುವ ಕಾಲ, ಕಷ್ಟವು ನಿಲ್ಲದೆ ಮುಂದುವರಿದರೆ ಕೊನೆಗೆ ಬಳಲಿಕೆ. 1936ರಲ್ಲಿ ಈತನು ಪ್ರಕಟಿಸಿದ ಈ ಮೂರು ಹಂತಗಳಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು ನಡುವಿನದು. ತಾಳಿಕೊಳ್ಳುತ್ತಿರುವವನು ಹೊರಗಿನಿಂದ ನೋಡುವವರಿಗೆ ಆರೋಗ್ಯವಂತನಂತೆಯೇ ಕಾಣುತ್ತಾನೆ. ‘ಅಭ್ಯಾಸವಾಗಿದೆ’ ಎಂದು ನಾವು ಹೇಳುವುದು ಈ ಹಂತವನ್ನು ಕಂಡು. ಅದು ಕೊನೆಯಿಲ್ಲದ ಶಕ್ತಿಯಲ್ಲ, ಕೂಡಿಟ್ಟ ಧಾನ್ಯವನ್ನು ಕರಗಿಸುತ್ತ ಬದುಕುವ ಸ್ಥಿತಿ.

ರಾತ್ರಿಯ ಕೆಲಸಕ್ಕೆ ಇನ್ನೊಂದು ವಿಶೇಷವಾದ ತೊಡಕಿದೆ. ನಮ್ಮ ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳೂ ಕೂಡುವೆಡೆಯ ಮೇಲ್ಗಡೆ, ಸುಮಾರು 20,000 ನರಕೋಶಗಳ ಒಂದು ಜೋಡಿಗುಂಪು ಇದೆ. ಇದೇ ದೇಹದ ಮುಖ್ಯ ಗಡಿಯಾರ. ಹಗಲಿನ ಬೆಳಕನ್ನು ನೋಡಿ ಇದು ದಿನವೂ ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ. ಇಂತಹ ಗಡಿಯಾರಗಳು ಜೀವಕೋಶದೊಳಗೆ ನಡೆಯುವ ಬಗೆಯನ್ನು ನೊಣಗಳ ಮೇಲಿನ ಪ್ರಯೋಗಗಳಿಂದ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಷ್, ಮೈಕೇಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತಲಾದ ಮೇಲೆ ಈ ಗಡಿಯಾರದ ಅಪ್ಪಣೆಯಂತೆ ಮೆಲಟೋನಿನ್ ಎಂಬ ರಸ ಒಸರುತ್ತದೆ, ದೇಹದ ಒಳಗಿನ ಕಾವು ಮೆಲ್ಲಮೆಲ್ಲನೆ ಇಳಿಯುತ್ತದೆ. ಬೆಳಗಿನ ಜಾವ ನಾಲ್ಕು ಐದು ಗಂಟೆಯ ಸುಮಾರಿಗೆ ಅದು ಅತ್ಯಂತ ಕೆಳಗಿನ ಮಟ್ಟವನ್ನು ಮುಟ್ಟುತ್ತದೆ. ಎಚ್ಚರವೂ ಕೈಚಳಕವೂ ಕುಗ್ಗುವ ಹೊತ್ತು ಅದೇ. ನಾಟಕದಲ್ಲಿ ಕಥೆಯು ಗದಾಯುದ್ಧದ ಕಡೆಗೆ ಧಾವಿಸುವುದೂ, ಅದು ಮುಗಿದೊಡನೆ ಭಾರವಾದ ಕಂಬಗಳನ್ನು ಇಳಿಸಿ ವಿದ್ಯುತ್ ತಂತಿಗಳನ್ನು ಬಿಚ್ಚುವುದೂ ಆ ಹೊತ್ತಿನಲ್ಲಿಯೇ!

ಈ ಕುಂದು ಎಷ್ಟರದು? ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ಇದನ್ನು ಅಳೆದರು. ಕಣ್ಣು ಕೈಗಳ ಹೊಂದಾಣಿಕೆಯ ಪರೀಕ್ಷೆಯೊಂದನ್ನು ನಿದ್ದೆಗೆಟ್ಟವರಿಗೂ ಮದ್ಯ ಕುಡಿದವರಿಗೂ ಕೊಟ್ಟು ಹೋಲಿಸಿದಾಗ, 17 ಗಂಟೆ ಎಚ್ಚರವಿದ್ದವರು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದಿದ್ದರು. 24 ಗಂಟೆ ತುಂಬುವ ವೇಳೆಗೆ ಅದು ಶೇಕಡ 0.10ಕ್ಕೆ ಸಮನಾಗಿತ್ತು. ನಮ್ಮ ದೇಶದ ಕಾನೂನು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ, ಎಂದರೆ ಶೇಕಡ 0.03ಕ್ಕಿಂತ, ಹೆಚ್ಚು ಮದ್ಯವಿರುವವನು ವಾಹನ ನಡೆಸುವುದನ್ನು ಅಪರಾಧವೆನ್ನುತ್ತದೆ. ಈಗ ವಿದ್ಯಾರ್ಥಿ ಮಿತ್ರರು ಲೆಕ್ಕ ಮಾಡಿ ನೋಡಲಿ. ಬೆಳಗ್ಗೆ 6 ಗಂಟೆಗೆ ಎದ್ದವನಿಗೆ ರಾತ್ರಿ 11ಕ್ಕೆ 17 ಗಂಟೆ ತುಂಬುತ್ತದೆ. ಆಗ ನಾಟಕವಿನ್ನೂ ಕಾವೇರುತ್ತಿರುತ್ತದೆ. ಮರುದಿನ ಬೆಳಗ್ಗೆ 6ಕ್ಕೆ 24 ಗಂಟೆ ತುಂಬುತ್ತದೆ. ಸಾಮಾನು ತುಂಬಿದ ವಾಹನವನ್ನು ಹೆದ್ದಾರಿಗೆ ಇಳಿಸುವ ವೇಳೆ ಅದು. ಕುಡಿದು ಓಡಿಸುವವನನ್ನು ನಾವೆಲ್ಲ ಬೈಯುತ್ತೇವೆ. ನಿದ್ದೆಗೆಟ್ಟು ಓಡಿಸುವವನನ್ನು ‘ಪಾಪ, ಶ್ರಮಜೀವಿ’ ಎಂದು ಹೊಗಳಿ ಕಳುಹಿಸುತ್ತೇವೆ. ದಾರಿಯಲ್ಲಿ ಎದುರಾಗುವ ಎತ್ತಿನಗಾಡಿಗೂ ಶಾಲೆಯ ಮಕ್ಕಳಿಗೂ ಈ ಎರಡರಲ್ಲಿ ಭೇದವೇನಿದೆ?

ಹಗಲಿನಲ್ಲಿ ಮಲಗಿ ಸರಿದೂಗಿಸಬಹುದಲ್ಲವೇ ಎಂದು ಕೆಲವರು ಕೇಳಬಹುದು. ಒಂದು ರಾತ್ರಿಯ ಮಾತಾದರೆ ಬಹುಮಟ್ಟಿಗೆ ಹೌದು. ಆದರೆ ಹಗಲಿನ ನಿದ್ದೆ ರಾತ್ರಿಯ ನಿದ್ದೆಗೆ ಸಾಟಿಯಲ್ಲ. ಬೆಳಕು, ಸೆಖೆ, ಸದ್ದುಗಳು ಒಂದು ಕಡೆ. ‘ಏಳುವ ಹೊತ್ತಾಯಿತು’ ಎಂದು ದೇಹದ ಗಡಿಯಾರವೇ ಒಳಗಿನಿಂದ ಎಬ್ಬಿಸುವುದು ಇನ್ನೊಂದು ಕಡೆ. ರಾತ್ರಿ ದುಡಿಯುವವರು ಹಗಲು ಮಲಗಿದರೆ ಸಾಮಾನ್ಯವಾಗಿ ಒಂದೆರಡು ಗಂಟೆಯಾದರೂ ಕಡಮೆ ನಿದ್ರಿಸುತ್ತಾರೆ. ಸಾಲ ಹೀಗೆ ದಿನದಿನಕ್ಕೆ ಬೆಳೆಯುತ್ತದೆ. ಇದನ್ನು ಮರೆಸಲು ಕುಡಿಯುವ ಚಹಾ ಕಾಫಿಗಳ ಕೆಫೀನು ಅರ್ಧದಷ್ಟು ಇಳಿಯುವುದಕ್ಕೆ ಸುಮಾರು 5 ಗಂಟೆ ಬೇಕು. ಆದಕಾರಣ ಬೆಳಗಿನ ಜಾವದ ಲೋಟವು ಮರುಹಗಲಿನ ನಿದ್ದೆಯನ್ನು ಕದಿಯುತ್ತದೆ. ದಣಿವಾರಿಸಲೆಂದು ಕುಡಿಯುವ ಮದ್ಯ ಬೇಗನೆ ನಿದ್ದೆ ಬರಿಸಿದರೂ ಅದನ್ನು ತುಂಡುತುಂಡು ಮಾಡುತ್ತದೆ. ವರ್ಷಗಟ್ಟಲೆ ನಡೆಯುವ ರಾತ್ರಿಪಾಳಿಯ ದುಡಿಮೆಯನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2007ರಲ್ಲಿ ವರ್ಗೀಕರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ತೀರ್ಮಾನಕ್ಕೆ ಬಂದಿತು. ಇದರಿಂದ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಆದರೆ ಅಲಕ್ಷಿಸುವಂತೆಯೂ ಇಲ್ಲ.

ಹಾಗಾದರೆ ರಾತ್ರಿಯ ನಾಟಕಗಳನ್ನೇ ನಿಲ್ಲಿಸಬೇಕೆ? ಕರಾವಳಿಯಲ್ಲಿ ಇಂತಹುದೇ ಪ್ರಶ್ನೆ ಎದ್ದು, ಕೆಲವು ಯಕ್ಷಗಾನ ಮೇಳಗಳು ಇರುಳಿಡೀ ಆಡುವುದನ್ನು ಬಿಟ್ಟು ಕಾಲಮಿತಿಯ ಆಟಗಳನ್ನು ಆಡತೊಡಗಿದವು. ಸಂಪ್ರದಾಯಕ್ಕೆ ಭಂಗ ಬಂತೆಂದು ಅಭಿಮಾನಿಗಳು ಆಕ್ಷೇಪಿಸಿದ್ದೂ ಉಂಟು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ಹಬ್ಬ ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕಾಲದ ಒಲವು ಯಾವ ಕಡೆಗೆಂಬುದು ಇದರಿಂದ ತಿಳಿಯುತ್ತದೆ. ಆದರೂ ಇರುಳಿನ ನಾಟಕಕ್ಕೆ ಇರುಳೇ ಒಂದು ಸೊಬಗೆಂಬುದನ್ನು ನಾವು ಬಲ್ಲೆವು. ಅದನ್ನು ಅಳಿಸಬೇಕೆಂಬುದು ನಮ್ಮ ವಾದವಲ್ಲ. ಅದರ ಬೆಲೆಯನ್ನು ಕೆಲವರೇ ತಮ್ಮ ಮೈಯಿಂದ ತೆರುವುದು ತಪ್ಪಬೇಕೆಂಬುದಷ್ಟೇ ನಮ್ಮ ವಾದ.

ಹಿಂದಿನ ವೃತ್ತಿ ನಾಟಕ ಕಂಪನಿಗಳ ರೀತಿ ಇಲ್ಲಿ ನೆನಪಿಗೆ ಬರುತ್ತದೆ. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರಿಂದ ಹೆಸರಾದ ಗುಬ್ಬಿ ಕಂಪನಿಯಂತಹವು ಒಂದು ಊರಿನಲ್ಲಿ ಬೀಡುಬಿಟ್ಟರೆ ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲಿಯೇ ಆಡುತ್ತಿದ್ದವು. ಅಲ್ಲಿ ಕಷ್ಟಗಳು ಇರಲಿಲ್ಲವೆಂದಲ್ಲ. ಆದರೆ ಕಟ್ಟಿದ ರಂಗವನ್ನು ಪ್ರತಿ ಮುಂಜಾನೆಯೂ ಬಿಚ್ಚಿ ಮೈಲಿಗಟ್ಟಲೆ ಸಾಗಿಸಬೇಕಾಗಿರಲಿಲ್ಲ. ಇಂದಿನ ಸೀನರಿಯವರಿಗೆ ರಾತ್ರಿಯ ಎಚ್ಚರದೊಡನೆ ಹಗಲಿನ ಪ್ರಯಾಣವೂ ಸೇರಿದೆ. ಆದುದರಿಂದ ಏರ್ಪಾಡೂ ಬದಲಾಗಬೇಕು.

ಕೆಲಸಗಾರನು ತಾನೇ ಮಾಡಿಕೊಳ್ಳಬಹುದಾದುದು ಕೆಲವಿದೆ. ನಾಟಕದ ದಿನ ಮಧ್ಯಾಹ್ನ ಗಂಟೆ ಒಂದೂವರೆ ಗಂಟೆ ಮಲಗಿ ಏಳುವುದು ಅವುಗಳಲ್ಲಿ ಮೊದಲನೆಯದು. ಚಹಾವನ್ನು ನಡುರಾತ್ರಿಯ ಸುಮಾರಿಗೆ ನಿಲ್ಲಿಸಿ ಬಳಿಕ ನೀರು ಕುಡಿಯುವುದು, ನಡುರಾತ್ರಿಯ ಊಟವನ್ನು ಹಗುರಾಗಿಸುವುದು, ಗಾಬರಿಯಾದಾಗ ಉಸಿರನ್ನು ನಿಧಾನವಾಗಿ, ನೀಳವಾಗಿ ಬಿಡುವುದು ಇವೂ ಉಪಯುಕ್ತ. ಸರದಿಯ ಮೇಲೆ ಸಣ್ಣ ನಿದ್ದೆ ತೆಗೆಯುವುದೂ ಸೋಮಾರಿತನವಲ್ಲ. ಅಮೆರಿಕದ ನಾಸಾ ಸಂಸ್ಥೆ 1994ರಲ್ಲಿ ಪ್ರಕಟಿಸಿದ ವರದಿಯಂತೆ, ದೀರ್ಘಪ್ರಯಾಣದ ವಿಮಾನಚಾಲಕರಿಗೆ 40 ನಿಮಿಷದ ವಿರಾಮ ಕೊಟ್ಟಾಗ ಅವರು ಸರಾಸರಿ 26 ನಿಮಿಷ ನಿದ್ರಿಸಿದರು. ಅಷ್ಟರಿಂದಲೇ ಅವರು ವಿರಾಮವಿಲ್ಲದವರಿಗಿಂತ ಹೆಚ್ಚು ಎಚ್ಚರದಿಂದಿದ್ದರು. ಆದರೆ ಎದ್ದ ಕೂಡಲೆ ಮಂಪರು ಇರುತ್ತದೆಯಾದ್ದರಿಂದ ಕಾಲು ಗಂಟೆಯಾದರೂ ಕಳೆದ ಮೇಲೆಯೇ ತಂತಿಯನ್ನಾಗಲಿ ಚಕ್ರವನ್ನಾಗಲಿ ಮುಟ್ಟಬೇಕು.

ಇಷ್ಟನ್ನು ಹೇಳಿ ಸುಮ್ಮನಾದರೆ ಹೊಣೆಯನ್ನೆಲ್ಲ ದಣಿದವನ ಹೆಗಲಿಗೇ ಹೊರಿಸಿದಂತಾಗುತ್ತದೆ. ಮಲಗಲು ಜಾಗವೇ ಇಲ್ಲದವನಿಗೆ ಮಲಗೆಂದು ಉಪದೇಶಿಸಿ ಫಲವೇನು? ಆದ್ದರಿಂದ ನಾಟಕ ಆಡಿಸುವ ಊರಿನವರು ಕರಾರಿನಲ್ಲಿಯೇ ಐದು ಅಂಶಗಳನ್ನು ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ವಾಹನ ನಡೆಸುವವನು ರಾತ್ರಿ ಮಲಗಿದವನಾಗಿರಬೇಕು, ಅವನಿಗೆ ರಂಗದ ಕೆಲಸ ಹೇಳಬಾರದು. ದೀಪಕ್ಕೂ ಪರದೆಗೂ ಇಬ್ಬಿಬ್ಬರಿದ್ದು ಸರದಿಯಲ್ಲಿ ದುಡಿಯಬೇಕು. ಶಾಲೆಯ ಕೊಠಡಿಯೋ ಸಮುದಾಯ ಭವನವೋ ಒಂದು ಕತ್ತಲೆಯ, ಸದ್ದಿಲ್ಲದ ಜಾಗ ಅವರಿಗಾಗಿ ಮೀಸಲಿರಬೇಕು. ನಾಟಕ ಮುಗಿದ ಮೇಲೆ ಮಲಗಿ ಎದ್ದು ಹೊರಡುವಷ್ಟು ಹೊತ್ತು ಕೊಡಬೇಕು. ನಾಟಕದ ನಡುವೆ ನಡೆಯುವ ಸನ್ಮಾನ, ಹಾರ ತುರಾಯಿ, ಭಾಷಣಗಳನ್ನು ಪರದೆ ಏಳುವ ಮೊದಲೇ ಮುಗಿಸಬೇಕು. ಈ ಕೊನೆಯದಕ್ಕೆ ಕಾಸಿನ ಖರ್ಚೂ ಇಲ್ಲ, ಉಳಿಯುವುದು ಮಾತ್ರ ನಿದ್ದೆಯ ಅಮೂಲ್ಯ ವೇಳೆ. ಉಳಿದವುಗಳಿಗೆ ತಗಲುವ ಹಣವು ಪಟಾಕಿಗೂ ಹಾರಗಳಿಗೂ ಸುರಿಯುವುದರಲ್ಲಿ ಒಂದು ಪಾಲು ಮಾತ್ರ.

ಮನಸ್ಸಿನ ಮಾತನ್ನೂ ಮರೆಯುವಂತಿಲ್ಲ. ಮಳೆಗಾಲ ಬಂದು ಕೆಲಸ ಕಡಮೆಯಾದಾಗ ವರಮಾನದ ಚಿಂತೆ ಕಾಡುತ್ತದೆ. ನಿದ್ದೆಯ ಹೊತ್ತೇ ಕೆಟ್ಟುಹೋಗಿರುತ್ತದೆ. ಎರಡು ಮೂರು ವಾರ ಕಳೆದರೂ ನಿದ್ದೆ ಬರದಿದ್ದರೆ, ಕಾರಣವಿಲ್ಲದೆ ಸಿಟ್ಟು ಬರುತ್ತಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣುವುದರಲ್ಲಿ ನಾಚಿಕೆ ಸಲ್ಲದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯನ್ನು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಹಣ ತೆರದೆ ಪಡೆಯಬಹುದು.

ಕಾಲೇಜಿನ ವಾರ್ಷಿಕೋತ್ಸವಕ್ಕಾಗಿ ಎರಡು ಮೂರು ರಾತ್ರಿ ನಿದ್ದೆಗೆಟ್ಟು ದೀಪ ಕಟ್ಟುವ, ಪರದೆ ಏರಿಸುವ ವಿದ್ಯಾರ್ಥಿಗಳಿಗೂ ಮೇಲಿನ ಮಾತುಗಳೆಲ್ಲ ಅನ್ವಯಿಸುತ್ತವೆ. ದೇಹದ ಗಡಿಯಾರಕ್ಕೆ ವೃತ್ತಿಯವರು, ಹವ್ಯಾಸಿಗಳು ಎಂಬ ಭೇದ ತಿಳಿಯದು. ತಮ್ಮ ಊರಿನಲ್ಲಿ ನಾಟಕ ಗೊತ್ತಾಗುವಾಗ ಯಾರಿಗೆ ಯಾವ ಪಾತ್ರ ಎಂಬ ಚರ್ಚೆ ಹೇಗೂ ನಡೆದೇ ನಡೆಯುತ್ತದೆ. ಅದರ ಜೊತೆಗೆ ಪರದೆ ಎಳೆಯುವವನು ಎಲ್ಲಿ ಮಲಗುತ್ತಾನೆ, ಬೆಳಗ್ಗೆ ವಾಹನ ನಡೆಸುವವನು ಯಾರು ಎಂಬ ಎರಡು ಪ್ರಶ್ನೆಗಳನ್ನೂ ಸಭೆಯಲ್ಲಿ ಎದ್ದು ಕೇಳುವಷ್ಟು ಧೈರ್ಯವನ್ನು ವಿಜ್ಞಾನ ಓದಿದ ತರುಣರು ತೋರಬೇಕು. ಹಿರಿಯರು ಮೊದಲು ನಗಬಹುದು. ಕಾರಣಗಳನ್ನು ವಿವರಿಸಿ ಹೇಳಿದರೆ ಒಪ್ಪದಿರಲಾರರು.